ಅರ್ಧ ಓದಿದವರ ಸಭೆಯಲ್ಲಿ

ಬೈಂದೂರಿನಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದರೂ ಹೊತ್ತಿಗೆ ಸರಿಯಾಗಿ ತಲುಪಿ ಈ ಸಭೆಯ ಅಧ್ಯಕ್ಷತೆ ವಹಿಸಿರುವ ಭೋಜರಾಜ ಮಾಸ್ತರರೇ, ರಿಬ್ಬನ್ನಿನ ಗಂಟು ಬಿಚ್ಚಲಿಕ್ಕೆ ಆಗದೆ ಕೊನೆಗೆ ಹಲ್ಲಿನಲ್ಲಿ ಕಚ್ಚಿ ಪುಸ್ತಕ ಬಿಡುಗಡೆ ಮಾಡಿದ ಮುಖ್ಯ ಅತಿಥಿಗಳೇ, ಈ ಪುಸ್ತಕ ಬರೆದ ನನ್ನ ತಂಗಿಯ ಮಗಳು ಶರಣ್ಯಾ, ಎದುರು ಸಾಲಿನಲ್ಲಿ ಕೂತಿರುವ ನನ್ನ ತಂಗಿ ಸರಸ, ಅವಳ ಪಕ್ಕದಲ್ಲಿರುವ ಅವಳ ಗಂಡ ಗುಣಪಾಲರೇ, ಮತ್ತು ಹಿಂಬಾಗಿಲಿನಿಂದ ಕೋಳಿ ಸಾರಿನ ಪರಿಮಳ ಬರಲಿಕ್ಕೆ ಶುರುವಾದ ಮೇಲೂ ಕುರ್ಚಿ ಬಿಡದೆ ಕೂತಿರುವ ಧೈರ್ಯವಂತ ಸಭಿಕರೇ,

ನಾನು ಕೋಡಿಯ ಹರಿಣಾಕ್ಷಿ. ನಿಮ್ಮಲ್ಲಿ ಅರ್ಧ ಜನ ನನ್ನನ್ನು ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ಕಂಡವರು. ಇನ್ನರ್ಧ ಜನ ಅಲ್ಲಿ ನನ್ನ ಹತ್ತಿರ ಚೌಕಾಸಿ ಮಾಡಿ ಬೈಸಿಕೊಂಡವರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟೆ, ಓದುವುದನ್ನು ಮಾತ್ರ ಬಿಡಲಿಲ್ಲ. ಆದರೆ ಭಾಷಣ ಮಾಡಿದವಳಲ್ಲ. ನಾನು ಇಷ್ಟು ವರ್ಷ ಬರೆದದ್ದೆಲ್ಲ ಕಾಗದ. ಮುಂಬೈಯಲ್ಲಿರುವ ತಮ್ಮ ಚಂದಯ್ಯನಿಗೆ, ಅವನ ಮಕ್ಕಳಿಗೆ. ಅವರು ಈಗ ಫೋನು ಮಾಡುತ್ತಾರೆ, ಆದರೂ ನಾನು ಕಾಗದವನ್ನೇ ಬರೆಯುತ್ತೇನೆ. ಫೋನಿನಲ್ಲಿ ಎದುರಿನವರು ನಡುವೆ ಬಾಯಿ ಹಾಕುತ್ತಾರೆ, ಕಾಗದದಲ್ಲಿ ಆ ಉಪದ್ರವ ಇಲ್ಲ. ಈ ಮೈಕೂ ಕಾಗದದ ಹಾಗೆಯೇ ಎಂದು ಈಗ ಗೊತ್ತಾಯಿತು.

ಕಾಗದಕ್ಕೆ ಒಂದು ಕ್ರಮ ಇದೆ. ಮೊದಲು ‘ಇಲ್ಲಿ ನಾವೆಲ್ಲ ಕ್ಷೇಮ’ ಎಂದು ಬರೆಯಬೇಕು. ಉಳಿದದ್ದು ಆಮೇಲೆ. ಆದ್ದರಿಂದ ನಾನೂ ಮೊದಲು ಕ್ಷೇಮದ ಭಾಗ ಹೇಳುತ್ತೇನೆ.

ಅದಕ್ಕೂ ಮುಂಚೆ ಒಂದು ವಿಷಯ. ಕಾರ್ಯಕ್ರಮ ನಡೆಸಿಕೊಡುತ್ತಿರುವ ಪೂಜಿತಾ ನನಗೆ ಐದು ನಿಮಿಷ ಎಂದಿದ್ದಾಳೆ. ನನ್ನ ಮಾತು ಮುಗಿದ ಮೇಲೆ ಏನು ನಡೆಯಬೇಕು ಎನ್ನುವುದು ನಿಮ್ಮ ಕೈಯಲ್ಲಿರುವ ಆಮಂತ್ರಣದಲ್ಲಿ ಅಚ್ಚಾಗಿದೆ. ‘ಕಾದಂಬರಿಗೆ ಸ್ಫೂರ್ತಿಯಾದ ದಂಪತಿಗಳಿಂದ ತುತ್ತಿನ ಸಂಭ್ರಮ.’ ಈ ಮೇಜಿನ ಮೇಲೆ ಬೆಳ್ಳಿ ತಟ್ಟೆ ಇದೆ, ಬಾಳೆಲೆ ಮುಚ್ಚಿದೆ. ಒಳಗೆ ಹಾಲುಬಾಯಿ. ಗುಣಪಾಲರು ಬೆಳಗ್ಗೆ ತಾವೇ ಅಕ್ಕಿ ಅರೆದು, ಕಾಯಿಹಾಲು ಹಿಂಡಿ, ಬೆಲ್ಲ ಹಾಕಿ, ತಳ ಹಿಡಿಯದ ಹಾಗೆ ಮಗುಚಿ ಮಾಡಿದ್ದು. ಅವರು ಈ ವೇದಿಕೆ ಹತ್ತಿ ಅದರ ಒಂದು ತುಂಡನ್ನು ತಮ್ಮ ಕೈಯಾರೆ ಸರಸಳ ಬಾಯಿಗೆ ಇಡಬೇಕು. ನೀವೆಲ್ಲ ಚಪ್ಪಾಳೆ ತಟ್ಟಬೇಕು. ನಾಳೆ ಪೇಪರಿನಲ್ಲಿ ಫೋಟೋ ಬರಬೇಕು.

ಅಧ್ಯಕ್ಷರೇ, ಅದು ಬೇಡ. ಅದನ್ನು ಕಾರ್ಯಕ್ರಮದಿಂದ ತೆಗೆಯಿರಿ ಎಂದು ಕೇಳಲಿಕ್ಕೇ ನಾನು ಈ ಮೆಟ್ಟಿಲು ಹತ್ತಿದ್ದು. ಯಾಕೆ ಎಂದು ಹೇಳಬೇಕಾದರೆ ಪುಸ್ತಕದ ದಾರಿಯಿಂದಲೇ ಹೋಗಬೇಕು. ಸ್ವಲ್ಪ ತಾಳಿ.

ಪುಸ್ತಕದ ಹೆಸರು ‘ಇನ್ನೊಂದು ತುತ್ತು’. ಮುಖಪುಟ ನೋಡಿದ್ದೀರಿ. ತಾವರೆ ಬಣ್ಣ, ಒಂದು ಬಟ್ಟಲು ಸಾರು, ಒಂದು ರೊಟ್ಟಿ, ರೊಟ್ಟಿ ಮುರಿಯುವ ಎರಡು ಕೈ. ಶರಣ್ಯಾ ಬ್ರಹ್ಮಾವರದಲ್ಲಿ ಮಕ್ಕಳಿಗೆ ಪಾಠ ಹೇಳುವವಳು, ಹೆಚ್ಚು ಮಾತಾಡುವವಳಲ್ಲ. ಅವಳು ಪ್ರೇಮಕಥೆ ಬರೆದಿದ್ದಾಳೆ ಎಂದಾಗ ನನಗೆ ನಗು ಬಂತು. ಓದಲಿಕ್ಕೆ ಕೂತೆ. ಆಹಾ, ಎಂಥ ಕಥೆ! ಮುಂಬೈಯ ಹೋಟೆಲಿನಲ್ಲಿ ಅಡುಗೆ ಕಲಿತ ಜಿತೇಂದ್ರ ಎಂಬ ಹುಡುಗ, ಕಡಲ ಬದಿಯ ವನಜ ಎಂಬ ಹುಡುಗಿ. ಅವನು ಅವಳಿಗೆ ಪ್ರೀತಿ ಮಾಡುತ್ತೇನೆ ಎಂದು ಒಂದು ಸಲವೂ ಹೇಳುವುದಿಲ್ಲ. ಬಂಗುಡೆಯ ಮುಳ್ಳು ಬಿಡಿಸಿ ಕೊಡುತ್ತಾನೆ. ಕೊಟ್ಟೆ ಕಡುಬಿನ ಎಲೆ ಬಿಚ್ಚಿ, ಆವಿ ಹೋಗುವವರೆಗೆ ಊದಿ ಕೊಡುತ್ತಾನೆ. ಅವಳ ನಾಲಗೆ ಸುಡಬಾರದಂತೆ! ಆ ಪುಟ ಓದುತ್ತಾ ಕೂತು ನನ್ನ ಒಲೆಯ ಮೇಲಿನ ಮೀನು ಕರಟಿ ಹೋಯಿತು. ನನ್ನ ಯಜಮಾನರು, ಈಗಿಲ್ಲ, ಅವರು ನನಗೆ ಮುಳ್ಳು ಬಿಡಿಸಿ ಕೊಟ್ಟದ್ದು ಹಾಗಿರಲಿ, ತಾವು ತಿಂದ ಮೀನಿನ ಮುಳ್ಳನ್ನು ಎಲೆಯ ಹೊರಗೆ ಹಾಕಬಾರದು ಎಂದು ಹೇಳಿ ಹೇಳಿ ನನ್ನ ಅರ್ಧ ಆಯುಷ್ಯ ಮುಗಿದಿದೆ. ಹಾಗಿರುವಾಗ ಯಾರಿಗೆ ಹೊಟ್ಟೆಕಿಚ್ಚಾಗುವುದಿಲ್ಲ ಹೇಳಿ?

ಇದು ಕ್ಷೇಮದ ಭಾಗ. ಪುಸ್ತಕದ ಅರ್ಧಕ್ಕೆ ಇದು ಮುಗಿಯುತ್ತದೆ. ಇಲ್ಲಿರುವ ಹೆಚ್ಚಿನವರು ಓದಿರುವುದೂ ಅಲ್ಲಿಯವರೆಗೇ ಎಂದು ನನಗೆ ಗುಮಾನಿ. ಪೂಜಿತಾ ಸ್ವಾಗತ ಭಾಷಣದಲ್ಲಿ ಹೇಳಿದ್ದೂ ಕಡುಬಿನ ಪುಟವನ್ನೇ. ಮುಖ್ಯ ಅತಿಥಿಗಳು ಹೊಗಳಿದ್ದೂ ಅದನ್ನೇ. ಇವರಲ್ಲಿ ಪೂರ್ತಿ ಓದಿದವರು ಒಬ್ಬರಾದರೂ ಇದ್ದಿದ್ದರೆ ಈ ತಟ್ಟೆ ಈ ಮೇಜಿನ ಮೇಲೆ ಬರುತ್ತಿರಲಿಲ್ಲ.

ಇನ್ನರ್ಧದಲ್ಲಿ ಏನಿದೆ? ಮದುವೆಯಾಗುತ್ತದೆ. ಪ್ರತಿ ಊಟದಲ್ಲೂ ಮೊದಲ ತುತ್ತು ಜಿತೇಂದ್ರನ ಕೈಯಿಂದ ವನಜಳ ಬಾಯಿಗೆ. ಎಷ್ಟು ಚಂದ ಅಲ್ಲವೇ? ಆದರೆ ಆ ತುತ್ತು ಬಾರದೆ ಅವಳು ಉಣ್ಣುವ ಹಾಗಿಲ್ಲ. ಹೋಟೆಲಿನಿಂದ ಅವನು ಬರುವುದು ತಡವಾದರೆ, ಎದೆಹಾಲು ಕುಡಿಯುವ ಮಗುವನ್ನು ಮಡಿಲಲ್ಲಿಟ್ಟುಕೊಂಡು ಅವಳು ಬಾಗಿಲು ನೋಡುತ್ತಾ ಕೂರಬೇಕು. ಹಸಿವಿಲ್ಲ ಎನ್ನುವ ಹಾಗಿಲ್ಲ. ಸಾಕು ಎನ್ನುವ ಹಾಗಿಲ್ಲ. ಏನು ಬೇಕು ಎಂದು ಅವನು ಕೇಳುವುದೇ ಇಲ್ಲ, ಯಾಕೆಂದರೆ ಅವಳಿಗೆ ಏನು ಇಷ್ಟ ಎಂದು ಅವನಿಗೆ ಗೊತ್ತಿದೆಯಲ್ಲ! ನೆರೆಮನೆಯಲ್ಲಿ ಒಂದು ಚೂರು ಒಣ ಸಿಗಡಿ ಚಟ್ನಿ ತಿಂದು ಬಂದರೂ ಅವನಿಗೆ ತಿಳಿಯುತ್ತದೆ. ಅವನು ಬೈಯುವುದಿಲ್ಲ. ಅವಳ ಬಲಗೈ ಹಿಡಿದು ಮೂಗಿನ ಹತ್ತಿರ ತರುತ್ತಾನೆ, ಮೂಸುತ್ತಾನೆ, ಕೈ ಬಿಡುತ್ತಾನೆ. ಆಮೇಲೆ ಮೂರು ದಿನ ಮಾತಿಲ್ಲ. ತುತ್ತು ಮಾತ್ರ ತಪ್ಪುವುದಿಲ್ಲ. ಮಾತಿಲ್ಲದ ತುತ್ತು.

ಅದಕ್ಕೆ ವನಜ ಎಲ್ಲಿ ಏನು ತಿಂದರೂ ಹುಣಸೆಹುಳಿ ಹಾಕಿ ಕೈ ತಿಕ್ಕುತ್ತಾಳೆ. ಆ ಅಧ್ಯಾಯಕ್ಕೆ ಬಂದಾಗ ನಾನು ಪುಸ್ತಕ ಮುಚ್ಚಿ ಜಗಲಿಗೆ ಬಂದು ಕೂತೆ.

ಯಾಕೆ ಎಂದು ಹೇಳಲಿಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಪೂಜಿತಾ ಚೀಟಿ ಬರೆಯುತ್ತಿದ್ದಾಳೆ. ಬರಿ ಮಗ, ಓದುತ್ತೇನೆ.

ಗುಣಪಾಲರು ಹೆಣ್ಣು ನೋಡಲಿಕ್ಕೆ ಕೋಡಿಯ ನಮ್ಮ ಮನೆಗೆ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಆಗಲೇ ತೆಕ್ಕಟ್ಟೆಯಲ್ಲಿ ಹೆದ್ದಾರಿ ಬದಿಗೆ ಅವರ ಹೋಟೆಲು ಶುರುವಾಗಿತ್ತು. ಬಂದವರು ಚಾವಡಿಯಲ್ಲಿ ಕೂರಲಿಲ್ಲ. ನಾವು ಕಾಣೆ ಮೀನು ತಂದಿಟ್ಟಿದ್ದೇವೆ ಎಂದು ತಿಳಿದದ್ದೇ ಪಂಚೆ ಎತ್ತಿ ಕಟ್ಟಿ ಅಡುಗೆಮನೆ ಹೊಕ್ಕು ತಾವೇ ಮಸಾಲೆ ಅರೆದು ಕಾಯಿಸಿದರು. ನಮ್ಮ ಅಮ್ಮ ಆಮೇಲೆ ಊರಿಡೀ ಹೇಳಿಕೊಂಡು ಬಂದಳು. “ಹೆಣ್ಣ್ ಕಾಂಬುಕೆ ಬಂದವ ಮೀನ್ ಕಾಯ್ಸಿ ಬಡ್ಸ್ದ ಮರಾಯ್ತಿ! ನಮ್ಮ ಸರಸ ಇನ್ನ್ ಒಲಿ ಬದಿಗ್ ಹೋಪುದೇ ಬೇಡ!”

ಹೌದು, ಹೋಗಲೇ ಇಲ್ಲ. ಒಲೆಯ ಬದಿಗೆ ಹೋಗುವ ಅವಕಾಶವೇ ಅವಳಿಗೆ ಸಿಗಲಿಲ್ಲ.

ನಮ್ಮ ಕಡಲ ಬದಿಯವರಿಗೆ ಒಂದು ಕ್ರಮ ಇದೆ. ಗಂಡನ ಮನೆಯಿಂದ ಬಂದ ಹೆಣ್ಣಿನ ಹತ್ತಿರ ನಾವು ಕೇಳುವುದು ಒಂದೇ ಪ್ರಶ್ನೆ. ಮೀನು ಬಂದರೆ ಊಟ, ದೋಣಿ ಖಾಲಿ ಬಂದರೆ ಗಂಜಿನೀರು ಎಂದು ಬದುಕಿದವರು ನಾವು. ಬೇರೆ ಪ್ರಶ್ನೆ ನಮಗೆ ಹೊಳೆಯುವುದಿಲ್ಲ. ಅಮ್ಮ ಪ್ರತಿ ಸಲವೂ ಕೇಳುತ್ತಿದ್ದಳು.

“ಉಂಬುಕೆ ತಿಂಬುಕೆ ಎಂತ ಕಮ್ಮಿ ಇಲ್ಲೆ ಅಲ್ದಾ ಹೆಣ್ಣೆ?”

“ಇಲ್ಲೆ ಅಬ್ಬಿ.”

“ಮತ್ತೆಂತ ಬೇಕ್ ನಿಂಗೆ?”

ಅಲ್ಲಿಗೆ ಮಾತು ಮುಗಿಯಿತು. ಅವಳು ಸುಳ್ಳು ಹೇಳಲಿಲ್ಲ. ಕಡಿಮೆ ಇರಲಿಲ್ಲವಲ್ಲ! ಹೊಡೆದಿದ್ದರೆ ನಮಗೆ ತಿಳಿಯುತ್ತಿತ್ತು. ಕುಡಿದಿದ್ದರೆ ತಿಳಿಯುತ್ತಿತ್ತು. ಕೈ ಎತ್ತಿದ್ದರೆ ಚಂದಯ್ಯ ಮುಂಬೈಯಿಂದ ಬಂದು ಕೇಳುತ್ತಿದ್ದ. ಉಣಿಸಿದವನ ಹತ್ತಿರ ಹೋಗಿ ಏನೆಂದು ಕೇಳುವುದು?

ಸರಸ ತವರಿಗೆ ಬಂದಾಗ ಬಂಗುಡೆ ಸಾರಿನಲ್ಲಿ ಉಣ್ಣುತ್ತಿದ್ದಳು. ಕುತ್ತಿಗೆ ಬಗ್ಗಿಸಿ, ಯಾರೋ ಕಿತ್ತುಕೊಳ್ಳುತ್ತಾರೆ ಎನ್ನುವ ಹಾಗೆ ಉಣ್ಣುತ್ತಿದ್ದಳು. ಹೊರಡುವ ಮುಂಚೆ ಬಾವಿಕಟ್ಟೆಯ ಹತ್ತಿರ ಕೂತು ಹುಣಸೆಹುಳಿ, ತೆಂಗಿನ ನಾರು ಹಾಕಿ ಬಲಗೈಯನ್ನು ತಿಕ್ಕಿ ತಿಕ್ಕಿ ಕೆಂಪು ಮಾಡಿಕೊಳ್ಳುತ್ತಿದ್ದಳು. ಅಮ್ಮ ತಮಾಷೆ ಮಾಡುತ್ತಿದ್ದಳು. “ಹೋಟ್ಲ್ ಸಾವ್ಕಾರ್ರ ಹೆಂಡ್ತಿಗ್ ಈಗ ಮೀನಿನ ವಾಸ್ನಿ ಆತಿಲ್ಲೆ ಕಾಣ್!” ಮನೆಯಿಡೀ ನಗುತ್ತಿತ್ತು. ಸರಸಳೂ ನಗುತ್ತಿದ್ದಳು.

ಶರಣ್ಯಾ ಆಗ ಸಣ್ಣವಳು. ಪಕ್ಕದಲ್ಲಿ ನಿಂತು ನೀರು ಹೊಯ್ದು ಕೊಡುತ್ತಿದ್ದಳು.

ಸಭಿಕರೇ, ಇಷ್ಟೆಲ್ಲ ಹೇಳಬೇಕೆಂದು ನಾನು ಮೊದಲು ಎಣಿಸಿರಲಿಲ್ಲ. ‘ಸರಸಳಿಗೆ ಸಕ್ಕರೆ ಕಾಯಿಲೆ ಇದೆ, ಹಾಲುಬಾಯಿ ತಿನ್ನುವ ಹಾಗಿಲ್ಲ’ ಎಂದಷ್ಟೇ ಹೇಳಿ ತಪ್ಪಿಸಬೇಕೆಂದಿದ್ದೆ. ಅದೂ ನಿಜವೇ. ಡಾಕ್ಟರು ಸಿಹಿ ಮುಟ್ಟಬಾರದು ಎಂದು ಹೇಳಿ ಎಷ್ಟೋ ವರ್ಷವಾಯಿತು. ಅವಳು ಮುಟ್ಟಲಿಲ್ಲ. ಬಾಯಿಗೆ ಬಂದದ್ದನ್ನು ನುಂಗಿದಳು. “ನನ್ ಕೈಯಂದ್ ಒಂದ್ ತುತ್ತಿಗ್ ಎಂತ ಆತ್? ಪ್ರೀತಿಯಂಗ್ ಕೊಟ್ಟದ್ದ್ ಮೈಗ್ ಹತ್ತುದಿಲ್ಲೆ” ಎಂದು ಗುಣಪಾಲರು ನಮ್ಮೆದುರೇ ಹೇಳಿದ್ದಾರೆ, ನಾವೆಲ್ಲ ತಲೆ ಆಡಿಸಿದ್ದೇವೆ. ಹೋದ ವರ್ಷ ಅವಳ ಬಲಗಾಲಿನ ಎರಡು ಬೆರಳು ತೆಗೆದರು. ಆಸ್ಪತ್ರೆಯ ನರ್ಸುಗಳು ಏನು ಹೇಳಿದರು ಗೊತ್ತೇ? ‘ಎಷ್ಟು ಪುಣ್ಯ ಮಾಡಿದ್ದೀರಿ ಅಮ್ಮ, ಗಂಡ ಮೂರು ಹೊತ್ತೂ ಮನೆಯಿಂದ ಮಾಡಿ ತಂದು ಬಾಯಿಗೆ ಇಡುತ್ತಾರೆ.’

ನಿನ್ನೆ ಸಕ್ಕರೆ ಕಾಯಿಲೆಯ ಮಾತು ಹೇಳಿ ನೋಡಿದೆ. ಪೂಜಿತಾ, ಒಳ್ಳೆಯ ಮನಸ್ಸಿನಿಂದಲೇ, “ಹಂಗಾರೆ ಸಕ್ರೆ ಇಲ್ದಿದ್ದ್ ಎಂತಾರೂ ಇಡುವ ಅಜ್ಜಿ, ಫೋಟೋಕ್ಕಲ್ದಾ?” ಎಂದಳು. ಆಗ ನನಗೆ ಗೊತ್ತಾಯಿತು, ಆ ನೆಪ ಸಾಲುವುದಿಲ್ಲ ಎಂದು. ಬೆಲ್ಲ ತೆಗೆದರೆ ತಟ್ಟೆಯಲ್ಲಿ ಬೇರೆ ತಿಂಡಿ ಬರುತ್ತದೆ. ಕೈ ಅದೇ ಇರುತ್ತದೆ, ಬಾಯಿ ಅದೇ ಇರುತ್ತದೆ.

ಗುಣಪಾಲರ ಬಗ್ಗೆ ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಅವರು ಕೆಟ್ಟವರಲ್ಲ. ಎಂಟನೇ ವಯಸ್ಸಿಗೆ ಮುಂಬೈಯ ಹೋಟೆಲಿಗೆ ಹೋಗಿ ಬಿದ್ದವರು. ಗಿರಾಕಿಗಳು ತಟ್ಟೆಯಲ್ಲಿ ಬಿಟ್ಟ ಪಾವ್ ಬ್ರೆಡ್ಡಿನ ಚೂರನ್ನು ಮೋರಿಯ ಹತ್ತಿರ ನಿಂತು ತಿಂದವರು. ಅದನ್ನು ಅವರೇ ನನಗೆ ಹೇಳಿದ್ದಾರೆ, ಹೇಳುವಾಗ ಅತ್ತಿದ್ದಾರೆ. ನನ್ನ ಮನೆಯಲ್ಲಿ ಯಾರೂ ಹಸಿಯಬಾರದು ಎಂದು ಅಂದೇ ಪಣ ತೊಟ್ಟವರು. ಅಷ್ಟು ಹಸಿದವರಿಗೆ ‘ಬೇಡ’ ಎಂಬ ಮಾತು ಕಿವಿಗೆ ಬೀಳುವುದೇ ಇಲ್ಲವೋ ಏನೋ. ಊಟ ಬೇಡ ಎನ್ನುವ ಮನುಷ್ಯರೂ ಇರುತ್ತಾರೆ ಎಂದು ಅವರಿಗೆ ನಂಬಿಕೆಯೇ ಇಲ್ಲ. ಆ ಸಣ್ಣ ಹುಡುಗನ ಮೇಲೆ ನನಗೆ ಕನಿಕರ ಇದೆ. ಆದರೆ ಅವನ ಹಸಿವನ್ನು ನನ್ನ ತಂಗಿ ಎಷ್ಟು ವರ್ಷ ಉಣ್ಣಬೇಕು?

ಪುಸ್ತಕವನ್ನು ಎಲ್ಲರಿಗಿಂತ ಹೆಚ್ಚು ಹೊಗಳಿದವರೂ ಅವರೇ. ಇನ್ನೂರು ಪ್ರತಿ ಕೊಂಡು ಹೋಟೆಲಿನ ಕ್ಯಾಶಿನ ಮೇಜಿನ ಮೇಲೆ ಜೋಡಿಸಿಟ್ಟಿದ್ದಾರೆ. ಹೋದ ವಾರ ನಾನು ಹೋದಾಗ ಎಷ್ಟು ಸಂತೋಷದಲ್ಲಿದ್ದರು!

“ಅಕ್ಕಾ, ಅರ್ಧ ಓದ್ದೆ. ಎಷ್ಟ್ ಲಾಯ್ಕ್ ಬರ್ದಿತ್ ನಮ್ಮ ಹೆಣ್ಣ್! ನಾ ಮಾಡು ಅಡಿಗಿ ಒಂದೂ ಬಿಡ್ಲಿಲ್ಲೆ.”

“ಇನ್ನರ್ಧ ಎಂತಕೆ ಓದ್ಲಿಲ್ಲೆ?”

“ಹೋಟ್ಲಂಗ್ ಪುರ್ಸೊತ್ತ್ ಎಲ್ಲಿತ್ ಅಕ್ಕಾ? ಹೆಂಗೂ ಮುಂದೆ ಸುಖವೇ ಅಲ್ದಾ, ಮದ್ವಿ ಆಯ್ತಲೆ!”

ಚಾ ಕುಡಿದು ಬಂದೆ. ಅವರ ಚಾ ಯಾವತ್ತೂ ಚೆನ್ನಾಗಿಯೇ ಇರುತ್ತದೆ.

ಕಾದಂಬರಿಯ ಕೊನೆಯ ಸಾಲು ಹೀಗಿದೆ: ‘ವನಜ ಬಾಯಿ ತೆರೆದಳು.’ ಅಷ್ಟೇ. ನನಗೆ ಸಿಟ್ಟು ಬಂತು. ಓದುವವರು ಇಷ್ಟು ದೂರ ನಿನ್ನ ಜೊತೆ ಬಂದಿದ್ದಾರೆ, ಅವಳು ಒಂದು ಸಲ ಮುಖ ತಿರುಗಿಸಿದ ಹಾಗೆ ಬರೆದಿದ್ದರೆ ನಿನ್ನ ಗಂಟು ಏನು ಹೋಗುತ್ತಿತ್ತು ಎಂದು ಶರಣ್ಯಾಳಿಗೆ ಬೈದೆ. “ದೊಡ್ಡಮ್ಮ, ನಾ ಕಂಡದ್ದ್ ಅಷ್ಟೇ. ಕಾಣದ್ದನ್ನ ಹೆಂಗ್ ಬರಿಲಿ?” ಎಂದಳು.

ಸರಸಳಿಗೆ ಪುಸ್ತಕ ಓದಲಿಕ್ಕೆ ಕಣ್ಣು ಹಿಡಿಯುವುದಿಲ್ಲ. ಗುಣಪಾಲರು ಹೋಟೆಲಿಗೆ ಹೋದ ಮೇಲೆ ಶರಣ್ಯಾ ದಿನಕ್ಕೆ ಸ್ವಲ್ಪ ಸ್ವಲ್ಪ ಓದಿ ಹೇಳಿದ್ದಾಳೆ. ಮುಗಿದ ದಿನ ತನ್ನ ಅಮ್ಮ ಏನು ಹೇಳುತ್ತಾಳೋ ಎಂದು ಇವಳಿಗೆ ಹೆದರಿಕೆ. ಸರಸ, “ಕಮ್ಮಿಯೇ ಬರ್ದೆ ಮಗಾ” ಎಂದಳಂತೆ.

ಸಭಿಕರೇ, ಈಗ ತಟ್ಟೆಯ ವಿಷಯಕ್ಕೆ ಬರುತ್ತೇನೆ. ಆಮಂತ್ರಣ ಅಚ್ಚಾಗಿ ಬಂದ ದಿನ ಸರಸ ನನ್ನ ಮನೆಗೆ ಬಂದಳು. ರಿಕ್ಷಾ ಮಾಡಿಕೊಂಡು ಒಬ್ಬಳೇ ಬಂದಳು. ಮದುವೆಯಾದ ಮೇಲೆ ಅವಳು ಹಾಗೆ ಬಂದದ್ದು ನಾನು ಕಂಡಿರಲಿಲ್ಲ. ಆಮಂತ್ರಣವನ್ನು ನನ್ನ ಕೈಯಲ್ಲಿಟ್ಟು ಕೇಳಿದಳು.

“ಅಕ್ಕಾ, ಇದ್ ತಪ್ಸುಕ್ ಆತ್ತಾ ನಿನ್ ಹತ್ರ?”

“ಒಂದ್ ತುತ್ತಲ್ದಾ ಸರಸ? ಇಷ್ಟ್ ವರ್ಷ ತಿಂದಿದ್ದಿ” ಎಂದೆ ನಾನು.

“ಮನಿಯಂಗ್ ಬಾಯಿ ತೆಗ್ದೆ. ಆಸ್ಪತ್ರೆಯಂಗೂ ತೆಗ್ದೆ. ಅಷ್ಟ್ ಜನರ್ ಎದ್ರ್ ಮಾತ್ರ ಆತಿಲ್ಲೆ ಅಕ್ಕಾ. ಅಲ್ಲಿ ತೆಗ್ದ್ರೆ, ಇಷ್ಟ್ ವರ್ಷ ತೆಗ್ದದ್ದೆಲ್ಲ ಖುಷಿಯಂಗ್ ತೆಗ್ದದ್ದ್ ಅಂದೇಳಿ ಆತ್.”

“ಅವ್ರ್ ಹತ್ರ ನೀನೇ ಹೇಳ್ಲಕ್ಕಲ್ದಾ?”

“ನನ್ ಬಾಯಿಗ್ ಅದ್ ಅಭ್ಯಾಸ ಇಲ್ಲೆ. ನೀ ಹೇಳ್. ಎಂತ ಬೇಕಾರೂ ಹೇಳ್, ನಾ ಎದ್ರಂಗೇ ಕೂತಿರ್ತೆ.”

ನಾನು ಭೋಜರಾಜ ಮಾಸ್ತರರಿಗೆ ಫೋನು ಮಾಡಿದೆ. ಅವರು ನಕ್ಕರು. “ಅದೆಂತ ದೊಡ್ ವಿಷ್ಯ ಹರಿಣಕ್ಕ? ಗಂಡ ಹೆಂಡ್ತಿ ಬಾಯಿಗ್ ಒಂದ್ ತುತ್ತ್ ಇಡುದ್. ನನ್ ಹೆಂಡ್ತಿ ನಂಗ್ ಬಡ್ಸುದೇ ಇಲ್ಲೆ, ನಾ ಯಾರ್ ಹತ್ರ ಹೇಳ್ಲಿ? ಕಾರ್ಡೂ ಪ್ರಿಂಟ್ ಆಯ್ತಲೆ.” ಮಾಸ್ತರರೇ, ನಿಮ್ಮ ಮೇಲೆ ನನಗೆ ಬೇಸರ ಇಲ್ಲ. ನೀವೂ ಅರ್ಧ ಓದಿದವರು. ಕಾರ್ಡು ಪ್ರಿಂಟಾದರೆ ಏನಾಯಿತು? ಪ್ರಿಂಟಾದ ಕಾರ್ಡಿಗೆ ಸರಿಯಾಗಿ ನಮ್ಮ ಊರಿನ ಯಾವ ಕಾರ್ಯಕ್ರಮ ನಡೆದಿದೆ? ಹನ್ನೊಂದಕ್ಕೆ ಎಂದು ಅಚ್ಚು ಹಾಕಿಸಿ ಹನ್ನೆರಡಕ್ಕೆ ದೀಪ ಹಚ್ಚಿದ್ದೇವೆ.

ಈ ಚೀಟಿ ಬಂತು. ‘ಅಜ್ಜಿ, ದಯವಿಟ್ಟು ಮುಗಿಸಿ’ ಎಂದು ಬರೆದಿದೆ. ಮುಗಿಸುತ್ತೇನೆ ಮಗ.

ನಾನೊಬ್ಬಳೇ ಹೇಳಿದರೆ ಅದು ಅಕ್ಕನ ಮಾತಾಗುತ್ತದೆ. ನಾಳೆ ತೆಕ್ಕಟ್ಟೆಯಲ್ಲಿ, ‘ಹರಿಣಕ್ಕ ಗಂಡ ಹೆಂಡತಿ ನಡುವೆ ಕಡ್ಡಿ ಆಡಿಸಿದಳು’ ಎನ್ನುತ್ತಾರೆ. ಅನ್ನಲಿ, ನನಗೆ ಮಾರ್ಕೆಟ್ಟಿನಲ್ಲಿ ಅದಕ್ಕಿಂತ ಖಾರದ್ದು ಕೇಳಿ ಅಭ್ಯಾಸ ಇದೆ. ಆದರೆ ಯಾರ ಬಾಯಿಯ ವಿಷಯವೋ ಅವರನ್ನೇ ಕೇಳಬೇಕು. ನಮ್ಮ ಅಮ್ಮ ಕೇಳಿದ ಪ್ರಶ್ನೆಯನ್ನು ನಾನು ಕೇಳುವುದಿಲ್ಲ. ಬೇರೆ ಪ್ರಶ್ನೆ ಕೇಳುತ್ತೇನೆ.

ಸರಸ, ಇಲ್ಲಿ ಕಾಣ್. ನನ್ನ ಮುಖ ಕಾಣ್, ಬೇರೆ ಯಾರನ್ನೂ ನೋಡಬೇಡ. ನಿಂಗ್ ಇದ್ ಬೇಕಾ?

ಇರಲಿ. ಅವಸರ ಇಲ್ಲ. ಸಾರು ಆರಿದರೆ ಮತ್ತೆ ಬಿಸಿ ಮಾಡಿದರಾಯಿತು.

ತಲೆ ಆಡಿಸಿದಳು. ಮಾಸ್ತರರೇ, ಕಂಡಿರಲ್ಲ? ಆದರೆ ಹಿಂದಿನ ಸಾಲಿನವರಿಗೆ ಕಾಣುವುದಿಲ್ಲ ಸರಸ. ಕುರ್ಚಿ ಹಿಡ್ಕಂಡ್ ಏಳ್. ಕಾಲ್ ಜಾಗ್ರತೆ. ಶರಣ್ಯಾ, ನೀನು ಕೂತಿರು, ಅವಳೇ ಏಳಲಿ.

ಹಾಂ.

‘ಬೇಡ’ ಎಂದಳು.

ಹಿಂದೆ ಕೂತವರಿಗೆ ಕೇಳಿಸಿರಲಿಕ್ಕಿಲ್ಲ, ಸ್ವರ ಸಣ್ಣದು. ಮೈಕು ನನ್ನ ಹತ್ತಿರ ಇದೆ, ನಾನು ಹೇಳುತ್ತೇನೆ. ಸರಸಳಿಗೆ ಬೇಡವಂತೆ.

ಗುಣಪಾಲರೇ, ನೀವು ತಲೆ ಬಗ್ಗಿಸಬೇಡಿ. ನಿಮ್ಮ ಕೈಯ ರುಚಿಗೆ ಈ ಸಭೆಯಲ್ಲಿ ಯಾರೂ ಕುಂದು ಹೇಳಲಿಲ್ಲ. ಇನ್ನೂರು ಪುಸ್ತಕ ನಿಮ್ಮ ಮೇಜಿನ ಮೇಲಿದೆ. ಒಂದನ್ನು ಮನೆಗೆ ತೆಗೆದುಕೊಂಡು ಹೋಗಿ, ಇನ್ನರ್ಧ ಓದಿ. ನಿಧಾನಕ್ಕೆ ಓದಿ. ಓದಿ ಮುಗಿಯುವವರೆಗೆ ಸರಸ ಕೋಡಿಯಲ್ಲಿ ನನ್ನ ಮನೆಯಲ್ಲಿ ಇರುತ್ತಾಳೆ. ಇದು ಅವಳು ಹೇಳಿದ್ದಲ್ಲ, ನಾನು ಈಗ ಸೇರಿಸಿದ್ದು. ಸರಸ, ಅದೂ ಬೇಡವಾದರೆ ಈಗಲೇ ಹೇಳಿಬಿಡು, ಹೇಗೂ ನಿಂತಿದ್ದಿ.

ನಕ್ಕಳು. ಬರುತ್ತಾಳಂತೆ.

ಅಧ್ಯಕ್ಷರು ಕಾರ್ಡಿನ ಮೇಲೆ ಗೆರೆ ಎಳೆಯುತ್ತಿದ್ದಾರೆ. ನಿಮಗೆ ದೊಡ್ಡ ಉಪಕಾರ ಮಾಸ್ತರರೇ. ತಟ್ಟೆಯನ್ನು ಒಳಗೆ ತೆಗೆದುಕೊಂಡು ಹೋಗಿ ಮಕ್ಕಳ ಪಂಕ್ತಿಗೆ ಬಡಿಸಿ, ಕೇಳಿ ಬಡಿಸಿ. ಈ ಪುಸ್ತಕ ಬರೆದ ಶರಣ್ಯಾಳಿಗೆ, ಇದನ್ನು ಅಚ್ಚು ಹಾಕಿದವರಿಗೆ, ಐದು ನಿಮಿಷವನ್ನು ಇಷ್ಟು ಉದ್ದ ಎಳೆಯಲಿಕ್ಕೆ ಬಿಟ್ಟ ಪೂಜಿತಾಳಿಗೆ, ಕಿವಿಗೊಟ್ಟು ಕೂತ ನಿಮಗೆಲ್ಲರಿಗೂ ನನ್ನ ವಂದನೆ.

ಎಲೆ ಹಾಕಿ ಆಗಿದೆ. ಹಸಿದವರು ಹೊಟ್ಟೆ ತುಂಬ ಉಣ್ಣಿ. ಸಾಕು ಎಂದವರ ಎಲೆಗೆ ಇವತ್ತೊಂದು ದಿನ ಯಾರೂ ಮತ್ತೆ ಬಡಿಸಬೇಡಿ.

ನಮಸ್ಕಾರ.